ಗಾರೆಯಿಂದ ಸಿಮೆಂಟಿನವರೆಗೆ: ಬೆಸುಗೆಯ ಚರಿತ್ರೆ, ಒಗ್ಗಟ್ಟಿನ ಪಾಠ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮನೆ ಕಟ್ಟುವುದು ಎಷ್ಟು ಕಷ್ಟವೆಂದು ಕಟ್ಟಿದವರಿಗೇ ಗೊತ್ತು. ಕಲ್ಲು, ಇಟ್ಟಿಗೆ, ಮರಳು, ಮರಮುಟ್ಟು ಎಲ್ಲವನ್ನೂ ತಂದು ಅಂಗಳದಲ್ಲಿ ರಾಶಿ ಹಾಕಿದ ಮಾತ್ರಕ್ಕೆ ಮನೆಯಾಗುವುದಿಲ್ಲ. ಅವನ್ನು ಒಂದಕ್ಕೊಂದು ಬೆಸೆಯುವ ವಸ್ತುವೊಂದು ಬೇಕು. ಆ ವಸ್ತುವಿನ ಹೆಸರು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮೊದಲು ಕೆಸರುಮಣ್ಣು, ಆಮೇಲೆ ಗಾರೆ, ಈಗ ಸಿಮೆಂಟ್. ಆದರೆ ಅದು ಮಾಡುವ ಕೆಲಸ ಮಾತ್ರ ಬದಲಾಗಿಲ್ಲ. ಬಿಡಿಬಿಡಿಯಾಗಿ ಬಿದ್ದಿರುವುದನ್ನು ಅದು ಒಂದಾಗಿ ನಿಲ್ಲಿಸುತ್ತದೆ.

ಕೆಲವು ವರ್ಷಗಳ ಹಿಂದೆ ಉರ್ದು ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ನನ್ನನ್ನು, “ಸರ್, ಸಿಮೆಂಟಿಗೆ ಉರ್ದುವಿನಲ್ಲಿ ಏನನ್ನುತ್ತಾರೆ?” ಎಂದು ಕೇಳಿದ. “ಸಿಮೆಂಟ್ ಎಂದೇ ಅನ್ನುತ್ತಾರೆ” ಎಂದೆ. ಎಲ್ಲರೂ ನಕ್ಕರು. “ಹಾಗಾದರೆ ಸಿಮೆಂಟ್ ಬರುವ ಮೊದಲು?” ಎಂದು ಅವನು ಬಿಡದೆ ಕೇಳಿದ. “ಗಾರಾ” ಎಂದೆ. ಆಗ ಹಿಂದಿನ ಬೆಂಚಿನಿಂದ ಇನ್ನೊಬ್ಬ, “ಸರ್, ಅದು ಕನ್ನಡದ ಗಾರೆ ಅಲ್ಲವೇ?” ಎಂದ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಎರಡು ಭಾಷೆ, ಒಂದೇ ಗೋಡೆ

ಕಟ್ಟಡದ ಕೆಲಸಕ್ಕೆ ಸಂಬಂಧಿಸಿದ ಮಾತುಗಳನ್ನು ಒಮ್ಮೆ ಗಮನಿಸಿರಿ. ಉರ್ದುವಿನ ‘ಗಾರಾ’, ಕನ್ನಡದ ‘ಗಾರೆ’ ಅಕ್ಕಪಕ್ಕದ ಮನೆಯವರಂತೆ ಇವೆ. ಕನ್ನಡಿಗರು ದಿನವೂ ಬಳಸುವ ‘ಬುನಾದಿ’ ಎಂಬ ಮಾತು ಫಾರ್ಸಿಯ ‘ಬುನಿಯಾದ್’. ‘ಕಮಾನು’ ಎಂದರೆ ಫಾರ್ಸಿಯಲ್ಲಿ ಬಿಲ್ಲು. ಬಿಲ್ಲಿನಂತೆ ಬಾಗಿದ ಬಾಗಿಲಿಗೂ ಅದೇ ಹೆಸರಾಯಿತು. ‘ಗುಂಬದ್’ ನಮ್ಮ ಬಾಯಲ್ಲಿ ‘ಗುಮ್ಮಟ’ವಾಯಿತು. ಇಟ್ಟಿಗೆ ಪುಡಿಗೆ ‘ಸುರ್ಕಿ’ ಎನ್ನುತ್ತೇವೆ. ಫಾರ್ಸಿಯಲ್ಲಿ ‘ಸುರ್ಖ್’ ಎಂದರೆ ಕೆಂಪು. ಇನ್ನು ಉರ್ದುವಿನ ‘ಚೂನಾ’ ಮತ್ತು ಕನ್ನಡದ ‘ಸುಣ್ಣ’ ಎರಡೂ ಸಂಸ್ಕೃತದ ‘ಚೂರ್ಣ’ ಎಂಬ ಒಂದೇ ತಾಯಿಯ ಮಕ್ಕಳು. ಮೇಸ್ತ್ರಿ ಎಂಬ ಪದ ಪೋರ್ಚುಗೀಸರಿಂದ ಬಂದಿತು.

ಈ ಪದಗಳು ಪಂಡಿತರ ಗ್ರಂಥಗಳಿಂದ ಬಂದವಲ್ಲ. ಕಟ್ಟೆಯ ಮೇಲೆ ನಿಂತು ಕಲ್ಲು ಕೊಟ್ಟವನೊಬ್ಬ, ಕರಣೆ ಹಿಡಿದು ಗಾರೆ ಹಾಕಿದವನೊಬ್ಬ. ಇಬ್ಬರ ಮಾತೂ ಬೇರೆ, ಧರ್ಮವೂ ಬೇರೆ ಇದ್ದಿರಬಹುದು. ಆದರೆ ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದಿದ್ದರೆ ಗೋಡೆ ಏಳುತ್ತಿರಲಿಲ್ಲ. ಹೀಗೆ ಗೋಡೆ ಏಳುವಾಗ ಭಾಷೆಗಳೂ ಬೆಸೆದುಕೊಂಡವು. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನ್ನಂಥ ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಇಲ್ಲ.

ನಮ್ಮ ಸೀಮೆಯ ಹಳೆಯ ಮನೆಗಳು

ಹುಲಗೋಳದಂಥ ನಮ್ಮ ಶಿರಸಿ ಸೀಮೆಯ ಊರುಗಳಲ್ಲಿ ಸಿಮೆಂಟ್ ಕಾಲಿಟ್ಟದ್ದು ಬಹಳ ಹಿಂದಿನ ಮಾತಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳೆಯ ಮನೆಗಳ ಗೋಡೆ ಕಲಸಿ ತುಳಿದ ಮಣ್ಣಿನದು ಇಲ್ಲವೇ ಕೆಂಪು ಕಲ್ಲಿನದು. ಮಾಡಿಗೆ ಅಡಿಕೆ ಸೋಗೆ ಅಥವಾ ಹುಲ್ಲು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಹೆಂಚು ಬಂದಿತು. ಸುಣ್ಣ ಕರಾವಳಿಯಿಂದ ಬರುತ್ತಿತ್ತು. ಅಘನಾಶಿನಿಯಂಥ ನದಿಗಳ ಅಳಿವೆಗಳಲ್ಲಿ ಸಿಗುವ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು.

ನಮ್ಮ ಕೆಂಪು ಕಲ್ಲಿನ ಕಥೆಯೂ ಸ್ವಾರಸ್ಯವಾದದ್ದು. ನೆಲದಿಂದ ಕಡಿಯುವಾಗ ಅದು ಮೃದುವಾಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಟಿಪ್ಪು ಸುಲ್ತಾನರ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಂತೆ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸೋಂದೆ, ಯಲ್ಲಾಪುರಗಳ ಮೂಲಕವೂ ಹಾದುಹೋಗಿದ್ದನು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಅವನೇ. ಮಲಬಾರಿನ ಅಂಗಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಕಟ್ಟುವುದನ್ನು ಕಂಡು, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಆ ಹೆಸರನ್ನು ಕೊಟ್ಟನು. ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಗೆ ಹೋದವರು ಈ ಕಲ್ಲಿನ ಗೋಡೆಗಳು ಇಷ್ಟು ಮಳೆಗೂ ನಿಂತಿರುವುದನ್ನು ಕಾಣಬಹುದು.

ಗಾರೆ ಹೇಗೆ ಗಟ್ಟಿಯಾಗುತ್ತದೆ?

ವಿದ್ಯಾರ್ಥಿಗಳು ಇದನ್ನು ವಿಜ್ಞಾನದ ಪಾಠದಲ್ಲಿ ಓದಿರುತ್ತಾರೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳಿದ ಸುಣ್ಣವಾಗುತ್ತದೆ. ಮರಳು ಬೆರೆಸಿ ಗೋಡೆಗೆ ಹಾಕಿದಾಗ ಅದು ಗಾಳಿಯಲ್ಲಿರುವ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬೆಂಕಿಯಲ್ಲಿ ಕಳೆದುಕೊಂಡದ್ದನ್ನು ಗಾಳಿಯಿಂದ ಮರಳಿ ಪಡೆಯುವ ಈ ಕ್ರಿಯೆಗೆ ತಿಂಗಳುಗಳೇ ಬೇಕು, ದಪ್ಪ ಗೋಡೆಯಾದರೆ ವರ್ಷಗಳೇ ಬೇಕು.

ಬರಿಯ ಸುಣ್ಣದ ಗಾರೆ ನೀರಿನೊಳಗೆ ಗಟ್ಟಿಯಾಗುವುದಿಲ್ಲ. ಅದಕ್ಕಾಗಿ ರೋಮನ್ನರು ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿದರು. ನಮ್ಮವರು ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿಯನ್ನು, ಅಂದರೆ ಸುರ್ಕಿಯನ್ನು ಬೆರೆಸಿದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಮುಂತಾದವನ್ನೂ ಸೇರಿಸುವ ಪದ್ಧತಿ ದಕ್ಷಿಣ ಭಾರತದಲ್ಲಿತ್ತು. ಎತ್ತು ಕಟ್ಟಿ ಕಲ್ಲಿನ ಚಕ್ರ ತಿರುಗಿಸಿ ಗಾರೆಯನ್ನು ನುಣ್ಣಗೆ ಅರೆಯುತ್ತಿದ್ದರು. ಗಾರೆ ಎಷ್ಟು ಅರೆದರೆ ಅಷ್ಟು ಗಟ್ಟಿ ಎಂಬುದು ಅವರ ಅನುಭವ.

ಈ ಗಾರೆಯ ಶಕ್ತಿಯನ್ನು ನೋಡಬೇಕಾದರೆ ವಿಜಾಪುರಕ್ಕೆ ಹೋಗಬೇಕು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಲಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಆ ಮಹಾ ಗುಮ್ಮಟ ನಿಂತಿದೆ. ದಾಭೋಳದ ಯಾಕೂತ್ ಎಂಬ ಶಿಲ್ಪಿ ಇದನ್ನು ಕಟ್ಟಿದನೆಂದು ಹೇಳಲಾಗುತ್ತದೆ. ಅದನ್ನು ಕಟ್ಟಿದಾಗ ಒಂದು ಚೀಲ ಸಿಮೆಂಟನ್ನೂ ಬಳಸಿರಲಿಲ್ಲ. ಪ್ರತಿಯೊಂದು ಕಮಾನೂ ತನ್ನ ಭಾರವನ್ನು ಪಕ್ಕದ ಕಮಾನಿಗೆ ಹಂಚಿಕೊಟ್ಟಿದೆ, ಅಷ್ಟೆ.

ಬೀದರಿನ ಮದರಸಾ: ಗೋಡೆ ನಿಂತಿತು, ರಾಜ್ಯ ಬಿದ್ದಿತು

ಶಿಕ್ಷಣ ಸಂಸ್ಥೆಯ ಈ ಪತ್ರಿಕೆಯಲ್ಲಿ ಬರೆಯುವಾಗ ಬೀದರಿನ ಮಹಮೂದ್ ಗವಾನರ ಮದರಸಾವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಇರಾನಿನ ಗೀಲಾನ್ ಪ್ರಾಂತ್ಯದವರಾದ ಗವಾನ್ ವ್ಯಾಪಾರಿಯಾಗಿ ಬೀದರಿಗೆ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. ಸ್ವತಃ ವಿದ್ವಾಂಸರಾದ ಅವರು 1472ರಲ್ಲಿ ಕಟ್ಟಿಸಿದ ಮದರಸಾ ಮೂರು ಅಂತಸ್ತಿನದು. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ವಾಸದ ಕೋಣೆಗಳು, ಉಪನ್ಯಾಸದ ಕೋಣೆಗಳು, ಮಸೀದಿ, ಸುಮಾರು 3000 ಹಸ್ತಪ್ರತಿಗಳಿದ್ದ ಗ್ರಂಥಾಲಯ ಎಲ್ಲವೂ ಅಲ್ಲಿದ್ದವು. ಹೊರಗೋಡೆಗೆ ನೀಲಿ, ಹಳದಿ, ಬಿಳಿ ಬಣ್ಣದ ಹೆಂಚುಗಳ ಅಲಂಕಾರ. ನೆಲದ ತೇವ ಏರದಂತೆ ಮಿನಾರಿನ ಕೆಳಪದರಗಳಲ್ಲಿ ಸೀಸದ ತಗಡು ಹಾಕಿದ್ದರು. ಇಷ್ಟು ಮುಂದಾಲೋಚನೆ ಆ ಕಟ್ಟಡದ ಹಿಂದಿತ್ತು.

ಆದರೆ ಅದೇ ಬೀದರಿನ ಆಸ್ಥಾನದಲ್ಲಿ ಬೇರೊಂದು ಬಗೆಯ ತೇವ ಏರುತ್ತಿತ್ತು. ಮೊದಲಿನಿಂದ ಇಲ್ಲೇ ನೆಲೆಸಿದ ‘ದಖ್ಖನಿ’ಗಳು ಮತ್ತು ಹೊರನಾಡುಗಳಿಂದ ಬಂದ ‘ಅಫಾಕಿ’ಗಳು ಎಂಬ ಎರಡು ಪಂಗಡಗಳು ಅಲ್ಲಿದ್ದವು. ಒಂದೇ ಕಲಿಮಾ, ಒಂದೇ ಕಿಬ್ಲಾ, ಆದರೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಗವಾನ್ ತಾವು ಅಫಾಕಿಯಾದರೂ ಅಧಿಕಾರವನ್ನು ಎರಡೂ ಕಡೆಯವರಿಗೆ ಹಂಚಿ ಸಮತೋಲನ ಮಾಡಲು ಯತ್ನಿಸಿದರು. ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ವಿಂಗಡಿಸಿ ಸರದಾರರ ಸ್ವೇಚ್ಛೆಗೆ ಕಡಿವಾಣ ಹಾಕಿದರು. ಅದನ್ನು ಸಹಿಸದವರು ಅವರ ಮುದ್ರೆಯನ್ನು ಮೋಸದಿಂದ ಒಂದು ಖಾಲಿ ಕಾಗದದ ಮೇಲೆ ಒತ್ತಿಸಿ, ಅದರಲ್ಲಿ ಒರಿಸ್ಸಾದ ರಾಜನಿಗೆ ದಂಡೆತ್ತಿ ಬರಲು ಆಹ್ವಾನ ಕೊಟ್ಟಂತೆ ಬರೆದು ಸುಲ್ತಾನನಿಗೆ ತೋರಿಸಿದರು. ಮೂರನೆಯ ಮುಹಮ್ಮದ್ ಶಾಹ್ ವಿಚಾರಣೆಯನ್ನೂ ಮಾಡದೆ 1481ರಲ್ಲಿ ಎಪ್ಪತ್ತು ದಾಟಿದ ಆ ಹಿರಿಯನ ತಲೆ ತೆಗೆಸಿದನು. ಸತ್ಯ ತಿಳಿದಾಗ ಕಾಲ ಮಿಂಚಿತ್ತು. ಪಶ್ಚಾತ್ತಾಪದಲ್ಲಿ ಬೆಂದ ಸುಲ್ತಾನನೂ 1482ರಲ್ಲಿ ತೀರಿಕೊಂಡನು. ಮುಂದಿನ ಕೆಲವು ದಶಕಗಳಲ್ಲಿ ಬಹಮನಿ ರಾಜ್ಯ ಒಡೆದು ವಿಜಾಪುರ, ಅಹಮದ್‌ನಗರ, ಬಿರಾರ್, ಗೋಲ್ಕೊಂಡ, ಬೀದರ್ ಎಂದು ಐದು ಹೋಳಾಯಿತು.

ಮದರಸಾ ಮಾತ್ರ ನಿಂತಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಮದ್ದು ಸಿಡಿದು ಮುಂಭಾಗದ ಒಂದು ಮಿನಾರು ಮತ್ತು ಗೋಡೆಯ ಒಂದು ಭಾಗ ಉರುಳಿದವು. ಉಳಿದದ್ದು ಇಂದಿಗೂ ಇದೆ. ಅದರ ಮುಂದೆ ನಿಂತಾಗ ಒಂದು ಪ್ರಶ್ನೆ ಏಳುತ್ತದೆ. ಸುಣ್ಣದ ಗಾರೆ ಐದು ಶತಮಾನಗಳಿಗೂ ಮಿಕ್ಕಿ ಹಿಡಿದು ನಿಲ್ಲಿಸಿದೆ. ಮನುಷ್ಯರ ನಡುವಿನ ಗಾರೆ ಮಾತ್ರ ಒಂಬತ್ತು ವರ್ಷವೂ ಏಕೆ ನಿಲ್ಲಲಿಲ್ಲ?

ಸಿಮೆಂಟಿನ ಹುಟ್ಟು

ಇಂಗ್ಲೆಂಡಿನ ಸಮುದ್ರದ ನಡುವೆ ಎಡ್ಡಿಸ್ಟೋನ್ ದೀಪಸ್ತಂಭವನ್ನು ಕಟ್ಟುವಾಗ ಜಾನ್ ಸ್ಮೀಟನ್ ಎಂಬ ಎಂಜಿನಿಯರ್, ಜೇಡಿಮಣ್ಣಿನ ಅಂಶವುಳ್ಳ ಸುಣ್ಣದ ಕಲ್ಲಿನಿಂದ ಮಾಡಿದ ಸುಣ್ಣ ನೀರಿನಲ್ಲಿಯೂ ಗಟ್ಟಿಯಾಗುತ್ತದೆಂದು ಕಂಡುಕೊಂಡನು. ಆ ದೀಪಸ್ತಂಭ 1759ರಲ್ಲಿ ಪೂರ್ಣವಾಯಿತು. 1824ರಲ್ಲಿ ಲೀಡ್ಸ್ ನಗರದ ಜೋಸೆಫ್ ಆಸ್ಪಡಿನ್ ಎಂಬ ಗಾರೆ ಕೆಲಸಗಾರನು ಸುಣ್ಣದ ಕಲ್ಲು ಮತ್ತು ಜೇಡಿಮಣ್ಣನ್ನು ಕೂಡಿಸಿ ಸುಟ್ಟು ಪುಡಿ ಮಾಡಿ ಪೇಟೆಂಟ್ ಪಡೆದನು. ಗಟ್ಟಿಯಾದ ಮೇಲೆ ಅದು ಪೋರ್ಟ್‌ಲ್ಯಾಂಡ್ ಎಂಬಲ್ಲಿನ ಕಲ್ಲಿನಂತೆ ಕಾಣುತ್ತದೆಂದು ಅದಕ್ಕೆ ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂದು ಹೆಸರಿಟ್ಟನು. ಅವನು ದೊಡ್ಡ ವಿಜ್ಞಾನಿಯಲ್ಲ, ಕೈಯಲ್ಲಿ ಕರಣೆ ಹಿಡಿದು ದುಡಿದವನು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಇಂದಿನ ಕಾರ್ಖಾನೆಗಳಲ್ಲಿ ಈ ಮಿಶ್ರಣವನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಆಗ ‘ಕ್ಲಿಂಕರ್’ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅವನ್ನು ಸ್ವಲ್ಪ ಜಿಪ್ಸಂ ಸೇರಿಸಿ ನುಣ್ಣಗೆ ಪುಡಿ ಮಾಡಿದರೆ ಸಿಮೆಂಟ್.

ಭಾರತದಲ್ಲಿ 1904ರಲ್ಲಿ ಮದ್ರಾಸಿನಲ್ಲಿ ಮಾಡಿದ ಮೊದಲ ಪ್ರಯತ್ನ ಕೈಗೂಡಲಿಲ್ಲ. 1914ರಲ್ಲಿ ಗುಜರಾತಿನ ಪೋರಬಂದರಿನಲ್ಲಿ ಕಾರ್ಖಾನೆ ಯಶಸ್ವಿಯಾಗಿ ಆರಂಭವಾಯಿತು. ಮೊದಲ ಮಹಾಯುದ್ಧದ ನಂತರ ಒಂದರ ಹಿಂದೆ ಒಂದು ಕಾರ್ಖಾನೆಗಳು ತಲೆಯೆತ್ತಿದವು. ಆಗ ಒಂದು ವಿಚಿತ್ರ ನಡೆಯಿತು. ಸಿಮೆಂಟ್ ತಯಾರಕರು ಒಬ್ಬರ ಮೇಲೊಬ್ಬರು ಪೈಪೋಟಿಗಿಳಿದು, ತಯಾರಿಕೆಯ ಖರ್ಚಿಗಿಂತಲೂ ಕಡಿಮೆ ಬೆಲೆಗೆ ಮಾರಿ, ಎಲ್ಲರೂ ನಷ್ಟಕ್ಕೆ ಬಿದ್ದರು. ಕೆಲವು ಕಾರ್ಖಾನೆಗಳು ಮುಚ್ಚಿಯೇ ಹೋದವು. ಇಡೀ ದೇಶದ ಕಲ್ಲುಗಳನ್ನು ಬೆಸೆಯುವ ವಸ್ತುವನ್ನು ಮಾಡುವವರೇ ತಮ್ಮೊಳಗೆ ಬೆಸೆದುಕೊಳ್ಳಲಿಲ್ಲ! ಕೊನೆಗೆ ನಷ್ಟವೇ ಅವರಿಗೆ ಬುದ್ಧಿ ಕಲಿಸಿತು. ಮೊದಲು ತಯಾರಕರ ಸಂಘ, ಬಳಿಕ 1930ರಲ್ಲಿ ಕೂಡಿ ಮಾರಾಟ ಮಾಡುವ ಕಂಪನಿ, ಕೊನೆಗೆ 1936ರಲ್ಲಿ ಹತ್ತು ಕಂಪನಿಗಳು ಒಂದಾಗಿ ‘ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್’ ಅಂದರೆ ಎ.ಸಿ.ಸಿ. ಆಯಿತು. ಇದಕ್ಕಾಗಿ ಹಗಲಿರುಳು ದುಡಿದ ಎಫ್.ಇ. ದಿನ್‌ಶಾ ಎಂಬ ಪಾರ್ಸಿ ಮಹನೀಯರು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡರು. ತಾವು ಕಟ್ಟಿದ್ದನ್ನು ಅವರು ನೋಡಲಿಲ್ಲ. ಹಾಗೆ ಒಂದಾದ ಹತ್ತರಲ್ಲಿ ಇಂದಿನ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಂಪನಿಯೂ ಒಂದು. ಆಗ ಅದು ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು.

ಸ್ವಾತಂತ್ರ್ಯಾನಂತರವೂ ಬಹುಕಾಲ ಸಿಮೆಂಟ್ ಸರಕಾರದ ನಿಯಂತ್ರಣದಲ್ಲಿತ್ತು. ಹತ್ತು ಚೀಲಕ್ಕೆ ಪರ್ಮಿಟ್ ಹಿಡಿದು ತಿರುಗಿದ ಕಥೆಯನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ಆ ನಿಯಂತ್ರಣ ಹೋಯಿತು. ನಮ್ಮ ಹಳ್ಳಿಗಳ ಮಣ್ಣಿನ ಗೋಡೆಗಳ ಜಾಗದಲ್ಲಿ ಸ್ಲ್ಯಾಬಿನ ಮನೆಗಳು ಹೆಚ್ಚಾದದ್ದು ಆ ಮೇಲೆಯೇ.

ಸಿಮೆಂಟಿಲ್ಲದ ಕನ್ನಂಬಾಡಿ

ಕರ್ನಾಟಕದ ಹೆಮ್ಮೆಯ ಕೃಷ್ಣರಾಜಸಾಗರ ಅಣೆಕಟ್ಟನ್ನು ಸಿಮೆಂಟಿನಿಂದ ಕಟ್ಟಿದ್ದಲ್ಲ ಎಂದರೆ ಅನೇಕರು ನಂಬುವುದಿಲ್ಲ. 1911ರಲ್ಲಿ ಕೆಲಸ ಆರಂಭವಾದಾಗ ನಮ್ಮ ದೇಶದಲ್ಲಿ ಸಿಮೆಂಟ್ ಸಾಕಷ್ಟು ತಯಾರಾಗುತ್ತಿರಲಿಲ್ಲ, ಹೊರದೇಶದಿಂದ ತರಿಸುವುದು ದುಬಾರಿ. ಆದ್ದರಿಂದ ಸುಣ್ಣ ಮತ್ತು ಸುರ್ಕಿಯ ಗಾರೆಯಿಂದಲೇ 8600 ಅಡಿ ಉದ್ದದ ಆ ಗೋಡೆಯನ್ನು ಎಬ್ಬಿಸಿದರು. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ಯೋಜನೆಯ ರೂವಾರಿ ಸರ್ ಎಂ. ವಿಶ್ವೇಶ್ವರಯ್ಯನವರು. ಕೆಲಸ ಮುಗಿಯುವ ಹೊತ್ತಿಗೆ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಸಾಹೇಬರು ಅಣೆಕಟ್ಟಿನ ಕೆಳಗೆ ಬೃಂದಾವನವನ್ನು ಬೆಳೆಸಿದರು. ಮಹಾರಾಜರೂ ಅವರೂ ಬಾಲ್ಯದಲ್ಲಿ ಸಹಪಾಠಿಗಳು. ಒಂದೇ ಗೋಡೆಯ ಹಿಂದೆ ಎಷ್ಟು ಬಗೆಯ ಕೈಗಳು! ಅದರ ನೀರು ಯಾರ ಗದ್ದೆ ಯಾವ ಧರ್ಮದ್ದೆಂದು ಕೇಳಿ ಹರಿಯಲಿಲ್ಲ.

ನಮ್ಮ ಜಿಲ್ಲೆಯ ಸುತ್ತಲೂ ಅಣೆಕಟ್ಟುಗಳಿವೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಕಾಳಿಗೆ ಸೂಪಾ, ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿ. ಇವು ನಾಡಿಗೆ ಬೆಳಕು ಕೊಟ್ಟವು ನಿಜ. ಆದರೆ ಅನೇಕ ಊರುಗಳು ಮುಳುಗಿದವು, ಜನ ಚದುರಿಹೋದರು. ಗೋಡೆಯೊಂದು ಗಟ್ಟಿಯಾದರೆ ಸಾಲದು, ಅದಕ್ಕಾಗಿ ಮನೆ ಬಿಟ್ಟವರನ್ನು ಕೂಡಿಸಿಕೊಳ್ಳುವುದೂ ನಾಡಿನ ಹೊಣೆ ಎಂಬುದನ್ನು ಮರೆಯಬಾರದು.

ಚೀಲದಲ್ಲೇ ಕಲ್ಲಾದ ಸಿಮೆಂಟ್

ಈಗ ನಾನು ಕಣ್ಣಾರೆ ಕಂಡ ಒಂದು ಸಂಗತಿ. ಊರಿನ ಹೆಸರು ಬೇಡ. ನಾನು ಶಿಕ್ಷಕ ವೃತ್ತಿಗೆ ಸೇರಿದ ಹೊಸತು. ಅಲ್ಲಿನ ಜಮಾತಿನವರು ಮಕ್ಕಳ ಓದಿಗಾಗಿ ಎರಡು ಕೋಣೆ ಕಟ್ಟಲು ಹೊರಟಿದ್ದರು. ದುಬೈಯಲ್ಲಿದ್ದವರು ಹಣ ಕಳಿಸಿದರು. ಹೆಂಗಸರು ಬೀಡಿ ಸುತ್ತಿದ ಕೂಲಿಯಲ್ಲಿ ಉಳಿಸಿ ಕೊಟ್ಟರು. ಪಾಯ ಹಾಕಿ, ಗೋಡೆ ಸೊಂಟದೆತ್ತರ ಎದ್ದಿತು. ಅಷ್ಟರಲ್ಲಿ ಲೆಕ್ಕ ಯಾರ ಕೈಯಲ್ಲಿರಬೇಕು, ಬಾಗಿಲ ಮೇಲಿನ ಕಲ್ಲಿನಲ್ಲಿ ಯಾರ ಹೆಸರಿರಬೇಕು ಎಂದು ಎರಡು ಗುಂಪಾಯಿತು. ಕೆಲಸ ನಿಂತಿತು. ನಲವತ್ತು ಚೀಲ ಸಿಮೆಂಟ್ ತಗಡಿನ ಮಾಡಿನ ಕೆಳಗೆ ಉಳಿಯಿತು. ಜೂನ್ ಬಂದಿತು. ನಮ್ಮ ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ.

ಮಳೆ ಮುಗಿದ ಮೇಲೆ ಗೌಂಡಿಯೊಬ್ಬರು ಬಂದು ಚೀಲವನ್ನು ಸುತ್ತಿಗೆಯಿಂದ ಬಡಿದು ನೋಡಿದರು. ಕಲ್ಲಿನ ಶಬ್ದ ಬಂದಿತು. ಅವರು ನನ್ನ ಕಡೆ ತಿರುಗಿ, “ಮಾಸ್ತ್ರೇ, ನೀರು ಎಲ್ಲಿಂದ ಬಂದ್ರೂ ಸಿಮೆಂಟು ಗಟ್ಟಿಯಾಗ್ತದೆ. ನಾವು ಕೊಟ್ರೆ ಗೋಡೆಯಾಗ್ತದೆ, ಮಳೆ ಕೊಟ್ರೆ ಚೀಲದೊಳಗೇ ಕಲ್ಲಾಗ್ತದೆ” ಎಂದರು. ಅವರು ಶಾಲೆಗೆ ಹೋದವರಲ್ಲ. ಆದರೆ ಬಿ.ಎಡ್. ತರಗತಿಯಲ್ಲಿ ಸಹ ನಾನು ಇಂಥ ಪಾಠ ಕೇಳಿರಲಿಲ್ಲ.

ಎರಡು ವರ್ಷ ಮಕ್ಕಳು ಮೋಟು ಗೋಡೆಯ ಪಕ್ಕದಲ್ಲಿ, ಕಲ್ಲಾದ ಆ ಚೀಲಗಳ ಮೇಲೆಯೇ ಕುಳಿತು ಆಡಿದರು. ಚೀಲದ ಮಡಿಕೆಗಳೂ ಹೊಲಿಗೆಯ ಗುರುತುಗಳೂ ಆ ಕಲ್ಲಿನ ಮೇಲೆ ಹಾಗೆಯೇ ಇದ್ದವು. ಆ ಎರಡು ವರ್ಷಗಳಲ್ಲಿ ಓದು ಬಿಟ್ಟ ನಾಲ್ಕು ಹೆಣ್ಣುಮಕ್ಕಳು ಮರಳಿ ಬರಲಿಲ್ಲ. ಮೂರನೆಯ ವರ್ಷ ಹಿರಿಯರಿಗೆ ಅರಿವಾಯಿತು. ಖರ್ಚಿನ ಲೆಕ್ಕವನ್ನು ಪ್ರತಿ ಶುಕ್ರವಾರ ಗೋಡೆಗೆ ಅಂಟಿಸುವುದು, ಹೆಸರಿನ ಕಲ್ಲು ಹಾಕುವುದೇ ಬೇಡ ಎಂದು ತೀರ್ಮಾನವಾಯಿತು. ಐದು ತಿಂಗಳಲ್ಲಿ ಕೋಣೆಗಳು ಎದ್ದವು.

2006ರ ಸಾಚಾರ್ ಸಮಿತಿ ವರದಿಯನ್ನು ನಾವೆಲ್ಲ ಉಲ್ಲೇಖಿಸುತ್ತೇವೆ. 2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 64.8 ಇದ್ದಾಗ ಮುಸ್ಲಿಮರದು ಶೇ. 59.1 ಮಾತ್ರ ಇತ್ತು. ಇದಕ್ಕೆ ಬಡತನ, ಸೌಲಭ್ಯಗಳ ಕೊರತೆ ಎಂದು ಅನೇಕ ಕಾರಣ ಹೇಳುತ್ತೇವೆ, ಅವು ಸುಳ್ಳಲ್ಲ. ಆದರೆ ಚೀಲದಲ್ಲೇ ಕಲ್ಲಾದ ಸಿಮೆಂಟಿನ ಲೆಕ್ಕವನ್ನು ಯಾರು ಬರೆಯಬೇಕು? ಅದನ್ನು ನಾವೇ ಬರೆಯಬೇಕು.

ಕಟ್ಟಡ ಕಲಿಸುವ ಪಾಠ

ಸಮುದಾಯವನ್ನು ಕಟ್ಟಡಕ್ಕೆ ಹೋಲಿಸುವುದು ನಮಗೆ ಹೊಸತಲ್ಲ. ಪವಿತ್ರ ಕುರ್‌ಆನಿನ ಅಸ್ಸಫ್ಫ್ ಅಧ್ಯಾಯದಲ್ಲಿ ಭದ್ರವಾಗಿ ಬೆಸೆದ ಕಟ್ಟಡದ ಉಪಮೆ ಬರುತ್ತದೆ. ಅಲ್ಲಿನ ‘ಮರ್ಸೂಸ್’ ಎಂಬ ಪದವನ್ನು ಕೆಲವು ವ್ಯಾಖ್ಯಾನಕಾರರು ಸೀಸ ಎಂಬ ಅರ್ಥದ ಅರಬಿ ಪದಕ್ಕೆ ಜೋಡಿಸುತ್ತಾರೆ, ಅಂದರೆ ಸೀಸ ಎರೆದಂತೆ ಸಂದಿಲ್ಲದೆ ಕೂಡಿದ್ದು. ಪ್ರವಾದಿ ಮುಹಮ್ಮದ್ (ಸ) ಅವರು ವಿಶ್ವಾಸಿಗಳ ನಂಟನ್ನು ಒಂದು ಭಾಗ ಇನ್ನೊಂದಕ್ಕೆ ಬಲ ಕೊಡುವ ಕಟ್ಟಡಕ್ಕೆ ಹೋಲಿಸಿ, ತಮ್ಮ ಕೈಬೆರಳುಗಳನ್ನು ಹೆಣೆದು ತೋರಿಸಿದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ.

ಪ್ರವಾದಿಯವರಿಗೆ (ಸ) 35 ವರ್ಷ ವಯಸ್ಸಾಗಿದ್ದಾಗ ಮಕ್ಕಾದ ಕುರೈಷರು ಕಅಬಾವನ್ನು ಮತ್ತೆ ಕಟ್ಟಿದ ಪ್ರಸಂಗವನ್ನು ಎಲ್ಲರೂ ಬಲ್ಲರು. ಹಜರೆ ಅಸ್ವದ್ ಅನ್ನು ಅದರ ಸ್ಥಳದಲ್ಲಿ ಇಡುವ ಗೌರವ ಯಾರಿಗೆ ಎಂದು ಕತ್ತಿ ಹಿರಿಯುವ ಹಂತ ಬಂದಾಗ, ಅವರು ಒಂದು ಬಟ್ಟೆ ಹಾಸಿ, ಕಲ್ಲನ್ನು ಅದರ ಮೇಲಿಟ್ಟು, ಎಲ್ಲ ಪಂಗಡಗಳ ಮುಖಂಡರಿಂದ ಬಟ್ಟೆಯ ಅಂಚನ್ನು ಎತ್ತಿಸಿದರು. ಆದರೆ ಅದೇ ಪ್ರಸಂಗದ ಇನ್ನೊಂದು ಭಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಕಟ್ಟಡಕ್ಕೆ ಶುದ್ಧ ಗಳಿಕೆಯ ಹಣವನ್ನೇ ಬಳಸಬೇಕೆಂದು ಕುರೈಷರು ನಿಶ್ಚಯಿಸಿದ್ದರು. ಅಂಥ ಹಣ ಸಾಲದೆ ಬಂದಾಗ ಹತೀಮ್ ಎಂಬ ಭಾಗವನ್ನು ಹೊರಗೆ ಬಿಟ್ಟು ಕಟ್ಟಡವನ್ನೇ ಚಿಕ್ಕದು ಮಾಡಿದರು, ಹಣವನ್ನು ಮಾತ್ರ ಕಲಬೆರಕೆ ಮಾಡಲಿಲ್ಲ. ಸಂಘ ಸಂಸ್ಥೆಗಳನ್ನು ನಡೆಸುವವರಿಗೆ ಇದಕ್ಕಿಂತ ದೊಡ್ಡ ಮಾದರಿ ಬೇಕೆ?

ಸಿಮೆಂಟಿನಿಂದ ನಾವು ಕಲಿಯಬಹುದಾದದ್ದು ಇನ್ನೂ ಇದೆ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಅದು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಗೋಡೆ ಕಟ್ಟಿದ ಮೇಲೆ ಕನಿಷ್ಠ ಏಳು ದಿನ ನೀರುಣಿಸಬೇಕು, 28 ದಿನಗಳಲ್ಲಿ ಅದರ ನಿಗದಿತ ಶಕ್ತಿ ಬರುತ್ತದೆ. ಉದ್ಘಾಟನೆಯ ದಿನ ಕೈ ಹಿಡಿದು ಫೋಟೋ ತೆಗೆಸಿಕೊಂಡು ಮರುದಿನದಿಂದ ಮರೆತರೆ ಒಗ್ಗಟ್ಟು ಸಹ ಬಿರುಕು ಬಿಡುತ್ತದೆ. ಸ್ವಲ್ಪ ಜಿಪ್ಸಂ ಇಲ್ಲದಿದ್ದರೆ ನೀರು ಬಿದ್ದ ಕೂಡಲೇ ಸಿಮೆಂಟ್ ಬಿಗಿದುಕೊಂಡು ಕೆಲಸಕ್ಕೆ ಬಾರದಾಗುತ್ತದೆ. ನಮ್ಮ ಸಭೆಗಳಲ್ಲಿ ಆ ಜಿಪ್ಸಂನ ಕೆಲಸ ಮಾಡುವುದು ಸಬ್ರ್, ಅಂದರೆ ತಾಳ್ಮೆ.

ಇನ್ನೊಂದು ಎಚ್ಚರಿಕೆಯ ಮಾತು. ಹಳೆಯ ಸುಣ್ಣದ ಕಟ್ಟಡಗಳಿಗೆ ಸಿಮೆಂಟಿನ ತೇಪೆ ಹಾಕಬಾರದೆಂದು ಪುರಾತತ್ತ್ವ ಬಲ್ಲವರು ಹೇಳುತ್ತಾರೆ. ಸಿಮೆಂಟ್ ತೀರ ಬಿರುಸು, ತೇವವನ್ನು ಹೊರಬಿಡದು, ಮೃದುವಾದ ಹಳೆಯ ಇಟ್ಟಿಗೆಯೇ ಪುಡಿಯಾಗುತ್ತದೆ. ಸುಣ್ಣದ ಗಾರೆಯಾದರೋ ಉಸಿರಾಡುತ್ತದೆ, ಸ್ವಲ್ಪ ಬಾಗುತ್ತದೆ. ಉದ್ದ ಕಾಂಕ್ರೀಟ್ ಕಟ್ಟಡದಲ್ಲಿಯೂ ಬಿಸಿಲಿಗೆ ಹಿಗ್ಗಲು ಎಂಜಿನಿಯರರು ನಡುವೆ ಸಂದು ಬಿಡುತ್ತಾರೆ. ಒಗ್ಗಟ್ಟು ಎಂದರೆ ಎಲ್ಲರೂ ಒಂದೇ ಅಚ್ಚಿನವರಾಗುವುದಲ್ಲ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ಉರ್ದು ಆಡುವವರಿದ್ದಾರೆ, ನವಾಯತಿ ಆಡುವವರಿದ್ದಾರೆ, ಕನ್ನಡವನ್ನೇ ಆಡುವವರಿದ್ದಾರೆ. ಕಲ್ಲು ಕಲ್ಲಾಗಿಯೇ, ಇಟ್ಟಿಗೆ ಇಟ್ಟಿಗೆಯಾಗಿಯೇ ಉಳಿದು ಒಂದೇ ಗೋಡೆಯಾಗಬೇಕು. ಆ ಗೋಡೆ ನೆರೆಯವರನ್ನು ಹೊರಗಿಡುವ ಬೇಲಿಯೂ ಆಗಬಾರದು. ಅದು ಎಲ್ಲರಿಗೂ ನೆರಳು ಕೊಡುವ ಮನೆಯ ಗೋಡೆಯಾಗಬೇಕು.

ಇದು ಆಗದ ಮಾತೇನೂ ಅಲ್ಲ. ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾಗಿ ಶತಮಾನ ದಾಟಿದೆ. 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಆರಂಭಿಸಿದ ಅಲ್-ಅಮೀನ್ ಸಂಸ್ಥೆ ಎಲ್ಲ ಧರ್ಮದ ಮಕ್ಕಳಿಗೂ ವಿದ್ಯೆ ಕೊಟ್ಟಿತು. ನಮ್ಮ ಶಿರಸಿಯಲ್ಲೇ 1923ರಲ್ಲಿ ಅಡಿಕೆ ಬೆಳೆಗಾರರು ಕೂಡಿ ಕಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ, ಒಬ್ಬೊಬ್ಬನೇ ಮಾರಾಟಕ್ಕೆ ನಿಂತರೆ ಸಿಗದ ಬೆಲೆಯನ್ನು ಕೂಡಿ ನಿಂತು ಪಡೆಯಬಹುದೆಂದು ತೋರಿಸಿತು. ನೆರೆಯವರಿಂದ ಕಲಿಯಲು ನಾಚಿಕೆ ಏಕೆ?

ಪ್ರಿಯ ವಿದ್ಯಾರ್ಥಿಗಳೇ, ನೀರು ಬೆರೆಸಿದ ಸಿಮೆಂಟನ್ನು ಅರ್ಧ ಗಂಟೆಯೊಳಗೆ ಬಳಸಬೇಕು ಎನ್ನುತ್ತಾರೆ ಗೌಂಡಿಗಳು. ಆಮೇಲೆ ಎಷ್ಟು ಕಲಸಿದರೂ ಅದು ಹಿಡಿಯುವುದಿಲ್ಲ. ನಿಮ್ಮ ವಯಸ್ಸು ಆ ಅರ್ಧ ಗಂಟೆ. ಈಗ ಕಲಿತದ್ದು, ಈಗ ಕೂಡಿದ್ದು ಹಿಡಿಯುತ್ತದೆ. ಹಿರಿಯರಾದ ನಮ್ಮ ಕೈಯಲ್ಲಿ ಚೀಲಗಳಿವೆ. ಮಳೆಗಾಲ ಬರುವ ಮೊದಲೇ ಅವನ್ನು ಬಿಚ್ಚುವ ಬುದ್ಧಿಯನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.